ಅಲೋಯಿಸ್ ಹೇಳದೆ ಹೋದ ಹೊಸ ಆಟ

ಅಲೋಯಿಸ್ ಬ್ರೆಮರ್ ತೀರಿಕೊಂಡ ಸುದ್ದಿ ಪೈನ್ ಬೆಂಡ್ ಊರಿಗೆ ಗೊತ್ತಾದದ್ದು ಫೆಬ್ರವರಿಯ ಎರಡನೆಯ ಗುರುವಾರ, ಬೆಳಗಿನ ತಿಂಡಿಯ ಹೊತ್ತಿಗೆ. ಅಂದು ವಿಸ್ಕಾನ್ಸಿನ್ ನದಿ ಈ ದಂಡೆಯಿಂದ ಆ ದಂಡೆಯವರೆಗೆ ಹೆಪ್ಪುಗಟ್ಟಿತ್ತು. ಸಂತ ಬೆನೆಡಿಕ್ಟರ ಇಗರ್ಜಿಯ ಗಂಟೆ, ಸತ್ತವರ ಆಯುಸ್ಸಿನ ವರ್ಷಕ್ಕೊಂದರಂತೆ, ಎಪ್ಪತ್ತೊಂದು ಸಲ ಹೊಡೆಯಿತು. ಎಣಿಸಿದವರು ಎಣಿಸುತ್ತಲೇ ಯಾರೆಂದು ತಿಳಿದುಕೊಂಡರು. ಊರಿನಲ್ಲಿ ಹಾಸಿಗೆ ಹಿಡಿದಿದ್ದ ಎಪ್ಪತ್ತೊಂದರ ಮನುಷ್ಯ ಅವರೊಬ್ಬರೇ. ಕೆಫೆಯಲ್ಲಿ ಗಂಡಸರು ಟೋಪಿ ತೆಗೆದರು. ಬಾಣಲೆಯಲ್ಲಿ ಆಲೂಗಡ್ಡೆ ಸೀದುಹೋಯಿತು, ಯಾರೂ ದೂರಲಿಲ್ಲ.

ಆ ಗಂಟೆ ಹೊಡೆಯುವ ಹೊತ್ತಿಗೆ ಕ್ಲೆಟಸ್ ಡ್ಯೂಡೆಕ್ ಆಸ್ಪತ್ರೆಯ ಗೋಡೆಗೆ ಒರಗಿ ನಿಂತಿದ್ದ. ಅವನು ನಲವತ್ತು ವರ್ಷಗಳಿಂದ ಅಲೋಯಿಸರ ಗೆಳೆಯ. ಮೂರು ದಿನದಿಂದ ನಿದ್ದೆಯಿಲ್ಲದಿದ್ದ ಅಲೋಯಿಸರ ಹೆಂಡತಿ ಇರ್ಮಾಳನ್ನು, "ನಾನಿದೀನಿ, ಕಣ್ಣು ಮುಚ್ಚಲ್ಲ, ನೀನು ಹೋಗಿ ಮಲ್ಕೋ" ಎಂದು ಮನೆಗೆ ಕಳಿಸಿ ಅವಳ ಗಂಡನ ಪಕ್ಕದಲ್ಲಿ ಕುಳಿತವನು. ಕುರ್ಚಿ ಮೆತ್ತಗಿತ್ತು. ಅರವತ್ತಮೂರು ವರ್ಷದ ಬಾಳಿನಲ್ಲಿ ಕ್ಲೆಟಸನಿಗೆ ಅಷ್ಟು ಮೆತ್ತನೆಯ ಕುರ್ಚಿ ಸಿಕ್ಕಿರಲಿಲ್ಲ. ನರ್ಸ್ ಬಂದು ಭುಜ ಅಲುಗಿಸಿದಾಗ ಬೆಳಕು ಹರಿದಿತ್ತು. ಅಲೋಯಿಸ್ ಹೋಗಿ ಅರ್ಧ ಗಂಟೆಯಾಗಿತ್ತು.

ಇರ್ಮಾ ಬಂದಳು. ಕೋಟಿನ ಗುಂಡಿಗಳು ಒಂದು ತೂತು ತಪ್ಪಿ ಹಾಕಿದ್ದವು. ಒಳಗೆ ಹೋಗಿ, ಮಂಡಿಯೂರಿ, ಜಪ ಮುಗಿಸಿ ಹೊರಗೆ ಬಂದು ಕೇಳಿದಳು:

"ಕೊನೆಗೆ ಏನಾದ್ರೂ ಹೇಳಿದ್ರಾ, ಕ್ಲೆಟಸ್?"

"ನಾನು ನಿದ್ದೆ ಮಾಡ್ತಿದ್ದೆ" ಎಂದು ಹೇಳಲು ಮೂರೇ ಮಾತು ಸಾಕು. ಕ್ಲೆಟಸ್ ಅವಳ ಕೋಟಿನ ಗುಂಡಿಗಳನ್ನು ನೋಡಿದ.

"ಹೇಳ್ದ," ಎಂದ.

"ಏನಂತ?"

ಅಲೋಯಿಸ್ ಪ್ರತಿ ಫೆಬ್ರವರಿಯಲ್ಲಿ ಒಂದೇ ವಿಷಯ ಮಾತಾಡುತ್ತಿದ್ದರು. ಅದನ್ನೇ ಹೇಳಿದರೆ ಸುಳ್ಳು ತೀರ ದೊಡ್ಡದಾಗುವುದಿಲ್ಲ ಎಂದು ಕ್ಲೆಟಸನಿಗೆ ತೋರಿತು. "ಪಾರ್ಕಿನ ವಿಷಯ. ಈ ವರ್ಷದ ಹೊಸ ಆಟ ಏನು ಅಂತ."

ಇರ್ಮಾ ಮುಖ ಮುಚ್ಚಿಕೊಂಡು ಅತ್ತಳು, ಅಳುತ್ತಲೇ ನಕ್ಕಳು. "ಅವರೇ ಸರಿ! ನೋವಿದ್ದಿದ್ರೆ ಬಾಯಲ್ಲಿ ಆಟದ ಮಾತು ಬರ್ತಿತ್ತಾ? ಇಲ್ಲ. ನೋವಿರ್ಲಿಲ್ಲ ನನ್ನ ಗಂಡನಿಗೆ."

ಆ ನಗುವನ್ನು ಕಂಡ ಮೇಲೆ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಕಲ್ಲೆದೆ ಬೇಕು. ಕ್ಲೆಟಸನಿಗೆ ದೇವರು ಅನೇಕ ಅಂಗಗಳನ್ನು ಅಡ್ಡಾದಿಡ್ಡಿಯಾಗಿ ಕೊಟ್ಟಿದ್ದರೂ ಎದೆಯನ್ನು ಮಾತ್ರ ಮೆತ್ತಗೆ ಮಾಡಿದ್ದ.

ಹೊಸ ಆಟವೆಂದರೆ ಪೈನ್ ಬೆಂಡಿನಲ್ಲಿ ಸಣ್ಣ ಮಾತಲ್ಲ. ಊರಿನಲ್ಲಿ ಎರಡು ವಾಟರ್ ಪಾರ್ಕುಗಳಿವೆ. ಹೆದ್ದಾರಿಯಿಂದ ಇಳಿದ ರಸ್ತೆ ಕೊನೆಗೆ ಎರಡಾಗುತ್ತದೆ. ಎಡಕ್ಕೆ ಹೋದರೆ ನೀರುನಾಯಿ ಪಾರ್ಕು, ಬಲಕ್ಕೆ ಹೋದರೆ ಟೈಫೂನ್. ಶಿಕಾಗೋ ಕಡೆಯಿಂದ ಮಕ್ಕಳನ್ನು ತುಂಬಿಕೊಂಡು ಬರುವ ಕಾರು ಅಲ್ಲಿ ಯಾವ ಕಡೆ ತಿರುಗುತ್ತದೆ ಎಂಬುದರ ಮೇಲೆ ಊರಿನ ಅರ್ಧ ಸಂಸಾರಗಳ ಬೇಸಿಗೆ ನಿಂತಿದೆ.

ಟೈಫೂನಿನ ಯಜಮಾನ ಡ್ವೇನ್ ಕಾಪ್ಕೆಯ ಸಿದ್ಧಾಂತ ಸರಳವಾದದ್ದು. ಕಳೆದ ವರ್ಷ ಎಷ್ಟು ಎತ್ತರವೋ ಈ ವರ್ಷ ಅದಕ್ಕಿಂತ ಎತ್ತರ. ಅವನ ಜಾರುಬಂಡೆಯ ಗೋಪುರ ತೊಂಬತ್ತು ಅಡಿಗೆ ಬಂದು ನಿಂತಿತ್ತು. ಮೇಲೆ ಹತ್ತಿದ ತಂದೆಯರಲ್ಲಿ ಕೆಲವರು ಮೆಟ್ಟಿಲಲ್ಲೇ ಇಳಿದು ಬಂದು, ಕೆಳಗೆ ಹೆಂಡತಿಗೆ ಮೊಣಕಾಲು ನೋವೆಂದು ಹೇಳುತ್ತಿದ್ದರು. ನೀರುನಾಯಿ ಪಾರ್ಕಿನ ಒಡತಿ ಮಾರ್ಲಿಸ್ ಗುಂಥರಳಿಗೆ ಸಿದ್ಧಾಂತವಿರಲಿಲ್ಲ, ಅಲೋಯಿಸ್ ಇದ್ದರು. ಅವರು ಹೆಸರಿಗೆ ಪಂಪುಗಳ ಮೇಲ್ವಿಚಾರಕರು. ಬೇಸಿಗೆಯಿಡೀ ಜಾರುಬಂಡೆಗಳ ಬುಡದಲ್ಲಿ ಕುಳಿತು ಮಕ್ಕಳ ಕತ್ತನ್ನು ನೋಡುತ್ತಿದ್ದರು. ನೀರಿನಿಂದ ಎದ್ದ ಮಗು ಕಣ್ಣೊರಸಿಕೊಳ್ಳುವ ಮೊದಲೇ ಮೆಟ್ಟಿಲ ಕಡೆ ತಿರುಗಿದರೆ ಆಟ ಚೆನ್ನಾಗಿದೆ; ತಾಯಿಯ ಕಡೆ ತಿರುಗಿದರೆ ಆಟ ಕಿತ್ತುಹಾಕತಕ್ಕದ್ದು. ಚಳಿಗಾಲದಲ್ಲಿ ಅದನ್ನೆಲ್ಲ ಮೆಲುಕುಹಾಕಿ ಫೆಬ್ರವರಿಯಲ್ಲಿ ಒಂದು ದಿನ ಮಾರ್ಲಿಸಳ ಕೋಣೆಗೆ ಹೋಗಿ "ಈ ವರ್ಷ ಇದು" ಎನ್ನುತ್ತಿದ್ದರು. ಮೂವತ್ತೊಂದು ವರ್ಷ ಅವರ ಮಾತು ತಪ್ಪಿರಲಿಲ್ಲ.

ಕ್ಲೆಟಸ್ ಅದೇ ಪಾರ್ಕಿನಲ್ಲಿ ಕಾರು ನಿಲ್ಲಿಸುವ ಬಯಲನ್ನು ನೋಡಿಕೊಳ್ಳುವವನು. ಅದರ ಜೊತೆಗೆ ಒಂದು ಗುಪ್ತ ಹುದ್ದೆಯೂ ಇತ್ತು. ಭಾನುವಾರ ಪೂಜೆ ಮುಗಿಸಿಕೊಂಡು ಟೈಫೂನಿನ ಬಯಲಿಗೆ ಹೋಗಿ ಇಲಿನಾಯ್ ನಂಬರಿನ ಕಾರೆಷ್ಟು, ಅಯೋವಾದ್ದೆಷ್ಟು, ಮಿನೆಸೋಟಾದ್ದೆಷ್ಟು ಎಂದು ಎಣಿಸಿ ಬರುವುದು. ಹುದ್ದೆ ಎಷ್ಟು ಗುಪ್ತವಾಗಿತ್ತೆಂದರೆ ಟೈಫೂನಿನವರು ಬಿಸಿಲು ಹೆಚ್ಚಿದ್ದ ದಿನ ಅವನಿಗೊಂದು ಛತ್ರಿ ಕೊಡುತ್ತಿದ್ದರು.

ಶನಿವಾರ ಶವಸಂಸ್ಕಾರದ ಪೂಜೆ ಆಯಿತು. ಮಣ್ಣು ಮಾತ್ರ ಆಗಲಿಲ್ಲ. ಆ ಕಡೆ ಚಳಿಗಾಲದಲ್ಲಿ ನೆಲ ನಾಲ್ಕಡಿ ಆಳದವರೆಗೆ ಕಲ್ಲಾಗಿರುತ್ತದೆ. ಚಳಿಯಲ್ಲಿ ಸತ್ತವರು ಸ್ಮಶಾನದ ಕಲ್ಲಿನ ಕೋಣೆಯಲ್ಲಿ ವಸಂತಕ್ಕಾಗಿ ಕಾಯುತ್ತಾರೆ. ಅಲೋಯಿಸರನ್ನು ಮೇ ತಿಂಗಳ ಮೊದಲ ಶನಿವಾರ ಮಣ್ಣು ಮಾಡುವುದೆಂದು ನಿಶ್ಚಯವಾಯಿತು.

ಇಗರ್ಜಿಯ ನೆಲಮಾಳಿಗೆಯಲ್ಲಿ ಊಟ. ಹ್ಯಾಮ್ ಇಟ್ಟ ಬನ್ನು, ಆಲೂಗಡ್ಡೆಯ ಗೊಜ್ಜು, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ, ಯಾರ ನಿದ್ದೆಯನ್ನೂ ಕೆಡಿಸದಷ್ಟು ತೆಳ್ಳನೆಯ ಕಾಫಿ. ಕ್ಲೆಟಸ್ ಎರಡನೆಯ ಬನ್ನಿಗೆ ಕೈ ಹಾಕುವಷ್ಟರಲ್ಲಿ ಮಾರ್ಲಿಸ್ ಅವನ ತೋಳು ಹಿಡಿದಳು.

"ಇರ್ಮಾ ಹೇಳಿದ್ಲು. ನಿನಗೆ ಹೇಳಿ ಹೋದ್ನಂತೆ."

"ಅದೂ... ಮಾರ್ಲಿಸ್..."

"ನನಗೆ ಹೇಳೋಕೆ ಅವನಿಗೆ ಪುರುಸೊತ್ತಾಗ್ಲಿಲ್ಲ. ಹೇಳಪ್ಪ, ಏನದು? ಜಾರುಬಂಡೆನಾ? ಅಲೆ ಏಳೋ ಕೊಳಾನಾ?"

ಕ್ಲೆಟಸ್ ಸುತ್ತ ನೋಡಿದ. ಎರಡು ಮಾರು ದೂರದಲ್ಲಿ ಇರ್ಮಾ. ಅವಳ ಹಿಂದೆ, ತಟ್ಟೆಯಲ್ಲಿ ನಿಂಬೆಹಣ್ಣಿನ ಕೇಕಿನ ಆರು ತುಂಡು ಇಟ್ಟುಕೊಂಡು, ಒಂದನ್ನೂ ತಿನ್ನದೆ, ಕಿವಿಯನ್ನು ಮಾತ್ರ ಈ ಕಡೆ ಇಟ್ಟುಕೊಂಡು ಡ್ವೇನ್ ಕಾಪ್ಕೆ.

"ಈಗ ಹೇಳೋ ಹಾಗಿಲ್ಲ," ಎಂದುಬಿಟ್ಟ ಕ್ಲೆಟಸ್. "ಮಣ್ಣಾಗೋವರೆಗೂ ಹೇಳೋ ಹಾಗಿಲ್ಲ."

ಮೂರು ತಿಂಗಳು ಸಮಯ ಸಿಕ್ಕರೆ ಜನ ಮರೆಯುತ್ತಾರೆ ಎಂಬುದು ಅವನ ಲೆಕ್ಕ. ಕಾರು ಎಣಿಸುವುದನ್ನು ಬಿಟ್ಟು ಅವನ ಯಾವ ಲೆಕ್ಕವೂ ಈವರೆಗೆ ಸರಿಹೋಗಿರಲಿಲ್ಲ. ಮಾರ್ಲಿಸಳ ಕಣ್ಣು ತುಂಬಿತು. "ಅಲೋಯಿಸ್ ಹಾಗಂದ್ನಾ? ಮಣ್ಣಾಗೋವರೆಗೂ ಬೇಡ ಅಂದ್ನಾ? ಎಂಥ ಮನುಷ್ಯ!" ಸುತ್ತಲಿದ್ದ ಹೆಂಗಸರು ಶಿಲುಬೆಯ ಗುರುತು ಮಾಡಿಕೊಂಡರು. ಡ್ವೇನ್ ಕೇಕನ್ನು ಅಲ್ಲೇ ಬಿಟ್ಟು ಹೊರಟುಹೋದ.

ಮನೆಗೆ ಬರುವಾಗ ಕಾರಿನಲ್ಲಿ ಕ್ಲೆಟಸನ ಹೆಂಡತಿ ಬರ್ನಿಸ್ ಎರಡು ಮೈಲಿ ಬಂದ ಮೇಲೆ ಅವನ ಕಡೆ ತಿರುಗಿದಳು. ಆಮೇಲೆ ಕೇಳಿದಳು:

"ನಿನ್ನ ಮದುವೇಲಿ ನಿದ್ದೆ ಮಾಡಿದ್ಯಲ್ಲ, ನೆನಪಿದ್ಯಾ?"

"ಅದು ಊಟ ಆದ್ಮೇಲೆ."

"ನನ್ನ ಹೆರಿಗೇಲಿ?"

"ಎರಡನೇದ್ರಲ್ಲಿ ಮಾತ್ರ."

"ಪ್ರತಿ ಭಾನುವಾರ ಫಾದರ್ ಪ್ರಸಂಗದಲ್ಲಿ?"

"ಯಾಕೀಗ ಇದೆಲ್ಲ?"

"ಏನಿಲ್ಲಪ್ಪ. ಆಸ್ಪತ್ರೇಲಿ ರಾತ್ರಿಯೆಲ್ಲ ಎಚ್ಚರವಾಗಿದ್ಯಲ್ಲ, ಪವಾಡ ಅಂತ ರೋಮ್‌ಗೆ ಕಾಗದ ಬರೀಬೇಕು ಅಂತ ಯೋಚಿಸ್ತಿದ್ದೆ."

ಮಾರ್ಚಿ ತಿಂಗಳ ಮೊದಲ ವಾರ ಹೆದ್ದಾರಿಯ ಪಕ್ಕ ಐವತ್ತಡಿ ಉದ್ದದ ಫಲಕ ಎದ್ದಿತು. ನೀಲಿ ಬಣ್ಣದ ಮೇಲೆ ಬಿಳಿಯ ಅಕ್ಷರ: "ಅಲೋಯಿಸ್ ಬಿಟ್ಟುಹೋದ ಕೊನೆಯ ಆಟ. ಬೇಸಿಗೆಗೆ ನೋಡಿ." ಕೆಳಗೆ ಟೋಪಿ ಹಾಕಿದ ನೀರುನಾಯಿ. ಏನೆಂದು ಹೇಳದ ಜಾಹೀರಾತು ಹೇಳಿದ ಜಾಹೀರಾತಿಗಿಂತ ಹತ್ತುಪಟ್ಟು ಕೆಲಸ ಮಾಡಿತು. ಮ್ಯಾಡಿಸನ್ನಿನಿಂದ ಪತ್ರಿಕೆಯವರು ಬಂದರು. ಕೆಫೆಯಲ್ಲಿ ಕ್ಲೆಟಸ್ ಕುಳಿತ ಮೇಜಿಗೆ ಜನ ತಾವಾಗಿಯೇ ಬಂದು ಕುಳಿತು, ತಮ್ಮ ತಟ್ಟೆಯ ಹಂದಿಮಾಂಸದ ಬೇಕನ್ನನ್ನು ಅವನ ತಟ್ಟೆಗೆ ಹಾಕಿ, "ಬರೀ ಒಂದು ಸುಳಿವು" ಎಂದರು. ಈಸ್ಟರಿಗೆ ಮೊದಲಿನ ಉಪವಾಸದ ಕಾಲದಲ್ಲಿ ಶುಕ್ರವಾರ ಮಾಂಸ ಕೂಡದಾದ್ದರಿಂದ ಅಂದು ಬೇಕನ್ನಿನ ಬದಲು ಕರಿದ ಮೀನು ಬಂದಿತು. ಇಪ್ಪತ್ತೆರಡು ವರ್ಷ ಬಯಲಿನಲ್ಲಿ ಕೈ ಬೀಸಿದವನಿಗೆ ಇಷ್ಟು ಮರ್ಯಾದೆ ಎಂದೂ ಸಿಕ್ಕಿರಲಿಲ್ಲ. ಮೊದಲ ವಾರ ಅವನಿಗೆ ಅದು ಸ್ವಲ್ಪ ರುಚಿಸಿತೆಂದೂ ಹೇಳಬೇಕು. ಎರಡನೆಯ ವಾರ ಮೀನನ್ನು ತಟ್ಟೆಯಲ್ಲೇ ಬಿಟ್ಟು ಎದ್ದ.

ಮಾರ್ಲಿಸಳಂತೂ ದಿನಕ್ಕೊಮ್ಮೆ ಹಿಡಿಯುತ್ತಿದ್ದಳು. "ಹೇಳ್ಬೇಡ. ನಾನು ಕೇಳ್ತೀನಿ, ನೀನು ತಲೆ ಆಡಿಸು. ಎತ್ತರದ್ದಾ?"

"ಎತ್ತರ ಅಂತ ಹೇಳೋಕಾಗಲ್ಲ."

"ಅಂದ್ರೆ ಎತ್ತರ ಅಲ್ಲ! ಅಲ್ಲ ಅಂತ ನನಗೂ ಗೊತ್ತಿತ್ತು. ಚಿಕ್ಕ ಮಕ್ಕಳದ್ದಾ, ದೊಡ್ಡೋರದ್ದಾ?"

"ಮಾರ್ಲಿಸ್, ನಿಜ ಹೇಳ್ತೀನಿ, ನಾನು ಅವತ್ತು..."

"ಶ್! ಸತ್ತೋನಿಗೆ ಕೊಟ್ಟ ಮಾತು ಮುರೀಬೇಡ. ನಾನು ಕೇಳಿದ್ದೇ ತಪ್ಪು." ಹೀಗೆಂದು ಅವಳೇ ಅವನ ಬಾಯಿ ಮುಚ್ಚಿಸಿ, ಕೈಕುಲುಕಿ, ಹೊರಗೆ ಕಳಿಸುವಳು.

ಇವರೆಲ್ಲರಿಂದ ತಪ್ಪಿಸಿಕೊಂಡು ಕ್ಲೆಟಸ್ ಮಧ್ಯಾಹ್ನದ ಬುತ್ತಿ ತಿನ್ನಲು ಒಂದು ಜಾಗ ಹುಡುಕಿದ. ನೀರು ಬಸಿದಿದ್ದ ಅಲೆಕೊಳದ ತಳ. ಎಂಟಡಿ ಆಳ, ಗಾಳಿ ಇಲ್ಲ, ಮನುಷ್ಯರ ಸುಳಿವಿಲ್ಲ. ಅಲ್ಲಿ ಕುಳಿತು ಲಿವರ್ ಸಾಸೇಜಿನ ಬ್ರೆಡ್ಡು ತಿಂದು, ಕಾಲು ಬೆಚ್ಚಗಾಗಲೆಂದು ಆ ಗೋಡೆಯಿಂದ ಈ ಗೋಡೆಗೆ ಹೆಜ್ಜೆ ಹಾಕಿ, ಆಗಾಗ ಆಕಾಶ ನೋಡಿ "ಅಲೋಯಿಸ್, ಏನಾದ್ರೂ ಮಾಡೋ" ಎನ್ನುತ್ತಿದ್ದ.

ರಸ್ತೆಯಾಚೆ ತೊಂಬತ್ತಡಿ ಗೋಪುರದ ತುದಿಯಲ್ಲಿ, ಮಾರ್ಚಿಯ ಗಾಳಿಗೆ ಕಂಬ ತಬ್ಬಿಕೊಂಡು, ದುರ್ಬೀನು ಹಿಡಿದು ಡ್ವೇನ್ ಕಾಪ್ಕೆ ನಿಂತಿದ್ದ. ಮೂರು ದಿನ ನೋಡಿದ. ಗುಂಡಿಯ ತಳದಲ್ಲಿ ಕ್ಲೆಟಸ್ ಹೆಜ್ಜೆ ಅಳೆಯುತ್ತಿದ್ದಾನೆ, ನಿಲ್ಲುತ್ತಾನೆ, ಮೇಲಕ್ಕೆ ಕೈ ಎತ್ತಿ ಏನೋ ಲೆಕ್ಕ ಹಾಕುತ್ತಾನೆ. ನಾಲ್ಕನೆಯ ದಿನ ಕೆಳಗಿಳಿದು ಬಂದು ಮೂಗು ಒರೆಸಿಕೊಳ್ಳುತ್ತ ತನ್ನವರಿಗೆ ಹೇಳಿದ: "ಮೇಲಕ್ಕಲ್ಲ ಕಣ್ರೋ! ಮೂವತ್ತು ವರ್ಷ ನಾವು ಮೇಲಕ್ಕೆ ಹೋಗಿ ಕೆಟ್ವಿ. ಆ ಮುದುಕ ಅಲೋಯಿಸನ ಆಟ ಕೆಳಕ್ಕೆ ಹೋಗುತ್ತೆ. ನೆಲದೊಳಗೆ!"

ಏಪ್ರಿಲಿನಲ್ಲಿ ನೆಲ ಮೆತ್ತಗಾದದ್ದೇ ತಡ, ಟೈಫೂನಿನಲ್ಲಿ ಗುಂಡಿ ತೋಡುವ ಕೆಲಸ ಮೊದಲಾಯಿತು. ಊರಿಗೆಲ್ಲ ಮಣ್ಣು ಅಗೆಯುವ ಯಂತ್ರವಿದ್ದದ್ದು ಹ್ಯೂಬರ್ಟ್ ಲಾಂಗ್ ಎಂಬಾತನಿಗೆ. ಡ್ವೇನನ ಗುಂಡಿಯನ್ನು ಕಂಡ ಮಾರ್ಲಿಸ್ ಕ್ಲೆಟಸ್ ಇದ್ದ ಬಯಲಿಗೇ ಓಡಿಬಂದಳು.

"ಗುಂಡಿ ಅಂತೆ! ನಮ್ಮ ಗುಟ್ಟು ಅವನಿಗೆ ಹೆಂಗೆ ಗೊತ್ತಾಯ್ತು? ನನಗೇ ಹೇಳ್ಲಿಲ್ಲವಲ್ಲೋ ನೀನು!"

"ಗುಂಡಿ ಅಂತ ನಾನು ಯಾವತ್ತೂ..."

"ಹೇಳ್ಲಿಲ್ಲ, ಗೊತ್ತು. ಪಾಪ, ನೀನು ಪ್ರಾಣ ಹೋದ್ರೂ ಬಾಯಿ ಬಿಡೋನಲ್ಲ. ಆ ಡ್ವೇನ್ ಹೆಂಗೋ ಕದ್ದಿದಾನೆ. ಅವನದು ಎಷ್ಟು ಆಳ?"

"ಇಪ್ಪತ್ತಡಿ ಅಂತಿದ್ರು."

"ನಮ್ಮದು ಇಪ್ಪತ್ತೈದು!"

ಹೀಗೆ ಹ್ಯೂಬರ್ಟ್ ಬೆಳಿಗ್ಗೆ ರಸ್ತೆಯ ಬಲಗಡೆ, ಮಧ್ಯಾಹ್ನ ಎಡಗಡೆ ಮಣ್ಣು ಅಗೆದ. ಗುಂಡಿಯೊಳಗೆ ಏನು ಆಟ ಬರುತ್ತದೆಂದು ಅವನು ಕೇಳಿದರೆ ಇಬ್ಬರೂ ಒಂದೇ ರೀತಿ ಮುಗುಳ್ನಕ್ಕು, "ನೀನು ಅಗೆ" ಎನ್ನುತ್ತಿದ್ದರು. ಇಬ್ಬರಿಗೂ ಗೊತ್ತಿರಲಿಲ್ಲ.

ಈಸ್ಟರಿಗೆ ಮುಂಚಿನ ಪವಿತ್ರ ವಾರದಲ್ಲಿ ಕ್ಲೆಟಸ್ ಪಾಪನಿವೇದನೆಗೆ ಹೋಗಿ ಫಾದರ್ ಗೇರಿಂಗ್ ಅವರ ಮುಂದೆ ಎಲ್ಲವನ್ನೂ ಹೇಳಿಬಿಟ್ಟ. ಇಬ್ಬರ ನಡುವಿನ ಜಾಲರಿಯ ಆ ಕಡೆಯಿಂದ ಕೆಮ್ಮು ಕೇಳಿಸಿತು. ಅದು ಕೆಮ್ಮೇ ಇರಬಹುದು.

"ಮೊದ್ಲು ಇರ್ಮಾಗೆ ಹೇಳು, ಮಗ."

"ಅವಳು ಸಮಾಧಾನ ಮಾಡ್ಕೊಂಡಿರೋದೇ ಅದರ ಮೇಲೆ, ಫಾದರ್. ಅದನ್ನೂ ಕಿತ್ಕೊಳ್ಲಾ?"

"ಸುಳ್ಳಿನ ಮೇಲೆ ಕೂರಿಸಿದ ಸಮಾಧಾನ ಅವಳದ್ದಲ್ಲಪ್ಪ, ನಿಂದು. ಹೋಗಿ ಹೇಳು."

ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಹೊರಗೆ ಆಡುವಂತಿಲ್ಲ. ಈಸ್ಟರ್ ಕಳೆದ ವಾರ ಮಾರ್ಲಿಸ್ ಆ ಗುರುಗಳನ್ನೇ ಕರೆಸಿ ಗುಂಡಿಗೆ ಆಶೀರ್ವಾದ ಮಾಡಿಸಿದಳು. ಅದನ್ನು ಕೇಳಿದ ಡ್ವೇನ್ ತಾನು ಲೂಥರನ ಕಡೆಯ ಪ್ರಾಟೆಸ್ಟಂಟನಾದರೂ ತನ್ನ ಗುಂಡಿಗೂ ಆಶೀರ್ವಾದ ಬೇಡಿದ. ಫಾದರ್ ಎರಡೂ ಗುಂಡಿಗಳ ಅಂಚಿನಲ್ಲಿ ನಿಂತು, "ಇಲ್ಲಿಗೆ ಯಾರೂ ಬೀಳದಿರಲಿ" ಎಂದು ತುಂಬುಮನಸ್ಸಿನಿಂದ ಪ್ರಾರ್ಥಿಸಿದರು.

ಕ್ಲೆಟಸ್ ಇರ್ಮಾಳ ಮನೆಗೆ ಮೂರು ಸಲ ಹೋದ. ಮೂರು ಸಲವೂ ಅವಳು ಕಾಫಿ ಕೊಟ್ಟು, ತಾನೇ ಮಾತು ತೆಗೆದು, "ಆವತ್ತು ಧ್ವನಿ ಹೆಂಗಿತ್ತು? ಜೋರಾಗಿತ್ತಾ, ಮೆಲ್ಲಗಿತ್ತಾ?" ಎಂದು ಕೇಳಿದಳು. ಮೂರು ಸಲವೂ ಅವನು "ಮೆಲ್ಲಗಿತ್ತು" ಎಂದು ಹೇಳಿ, ಟೋಪಿ ಹಾಕಿಕೊಂಡು, ಅವಳ ಮನೆಯ ಮುಂದಿನ ಹಿಮ ಗುಡಿಸಿ ಬಂದ. ಮೂರನೆಯ ಸಲ ಹಿಮವೇ ಇರಲಿಲ್ಲ. ಬರೀ ಅಂಗಳ ಗುಡಿಸಿದ.

ಏಪ್ರಿಲಿನ ಕೊನೆಯ ವಾರ ನದಿ ಏರಿತು. ನದಿಯ ಪಕ್ಕದ ಮರಳು ನೆಲದಲ್ಲಿ ಇಪ್ಪತ್ತಡಿ ತೋಡಿದರೆ ನೀರು ಬರುತ್ತದೆ ಎಂಬುದು ಊರಿನಲ್ಲಿ ಒಬ್ಬರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಸ್ಮಶಾನದ ಕಲ್ಲಿನ ಕೋಣೆಯಲ್ಲಿದ್ದರು. ಎರಡು ಗುಂಡಿಗಳೂ ಒಂದೇ ಬೆಳಿಗ್ಗೆ ತುಂಬಿದವು. ಡ್ವೇನನ ಗುಂಡಿಯ ಬದಿ ಜರಿದು ಹ್ಯೂಬರ್ಟನ ಯಂತ್ರ ಕತ್ತಿನವರೆಗೆ ಕೆಸರಿನಲ್ಲಿ ಹೂತುಹೋಯಿತು. ಅದರ ಮೇಲೆ ಎರಡು ಕಾಡುಬಾತುಗಳು ಬಂದು ಕುಳಿತವು. ಆ ವರ್ಷ ಟೈಫೂನಿಗೆ ಬಂದ ಮೊದಲ ಅತಿಥಿಗಳು ಅವೇ.

ಅಂದೇ ಮಧ್ಯಾಹ್ನ ಹ್ಯೂಬರ್ಟ್ ಟೋಪಿ ಕೈಯಲ್ಲಿ ಹಿಡಿದು ಇರ್ಮಾಳ ಬಾಗಿಲಿಗೆ ಬಂದ. ಕ್ಲೆಟಸ್ ಅಲ್ಲೇ ಅಂಗಳ ಗುಡಿಸುತ್ತಿದ್ದ.

"ಅಮ್ಮಾ, ತಪ್ಪು ತಿಳ್ಕೋಬೇಡಿ. ಶನಿವಾರಕ್ಕೆ ಸಮಾಧಿ ತೋಡಕ್ಕಾಗಲ್ಲ. ಯಂತ್ರ ಹೂತೋಗಿದೆ. ಪಕ್ಕದ ಊರಿನೋರು ಜೂನ್‌ವರೆಗೂ ಇಲ್ಲ ಅಂತಾರೆ. ಎಲ್ಲಾ ಆ ಗುಂಡಿಗಳಿಂದ ಆಗಿದ್ದು."

ಇರ್ಮಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಜೂನಾ? ಇನ್ನೂ ಒಂದು ತಿಂಗಳು ಅವರು ಆ ಕಲ್ಲಿನ ಕೋಣೇಲಿ ಇರ್ಬೇಕಾ?" ಎಂದಳು. ಕೋಪ ಇರಲಿಲ್ಲ. ಕೋಪವಿದ್ದಿದ್ದರೆ ಕ್ಲೆಟಸ್ ತಡೆದುಕೊಳ್ಳುತ್ತಿದ್ದ. "ದಿನಾ ಬೆಳಿಗ್ಗೆ ಕ್ಯಾಲೆಂಡರಲ್ಲಿ ಒಂದು ಗೀಟು ಹಾಕ್ತಿದ್ದೆ ನಾನು. ಶನಿವಾರ ಮಲಗಿಸ್ತೀನಿ, ಶನಿವಾರ ಮಲಗಿಸ್ತೀನಿ ಅಂತ."

ಹ್ಯೂಬರ್ಟ್ ಹೋದ. ಕ್ಲೆಟಸ್ ಕಸಬರಿಕೆಯನ್ನು ಗೋಡೆಗೆ ಒರಗಿಸಿದ. ಅದು ಬಿತ್ತು. ಮತ್ತೆ ಒರಗಿಸಿದ, ಮತ್ತೆ ಬಿತ್ತು. ಅದನ್ನು ಅಲ್ಲೇ ಬಿಟ್ಟು ಒಳಗೆ ಹೋದ.

"ಇರ್ಮಾ, ಅಲೋಯಿಸ್ ಏನೂ ಹೇಳ್ಲಿಲ್ಲ."

"ಏನು?"

"ಹೊಸ ಆಟ ಇಲ್ಲ, ಗುಂಡಿ ಇಲ್ಲ, ಏನೂ ಇಲ್ಲ. ಹೇಳಿದ್ನೋ ಇಲ್ವೋ ನನಗೆ ಗೊತ್ತಿಲ್ಲ. ನಾನು ನಿದ್ದೆ ಮಾಡ್ಬಿಟ್ಟೆ. ಕಣ್ಣು ಮುಚ್ಚಲ್ಲ ಅಂತ ನಿನಗೆ ಮಾತು ಕೊಟ್ಟು ಮಲಗಿಬಿಟ್ಟೆ. ನರ್ಸ್ ಬಂದು ಎಬ್ಬಿಸಿದ್ಲು. ಅಷ್ಟೊತ್ತಿಗೆ ಅವನು ಹೋಗಿದ್ದ. ನೀನು ಕೇಳ್ದೆ, ನಾನು ಸುಳ್ಳು ಹೇಳ್ದೆ. ಇವತ್ತು ಅವನಿಗೆ ಮಣ್ಣಿಲ್ಲದ ಹಾಗೆ ಮಾಡಿದ್ದೂ ನಾನೇ."

ಇರ್ಮಾ ಮೇಜಿನ ಮೇಲಿನ ಬಟ್ಟೆಯನ್ನು ನೆಟ್ಟಗೆ ಮಾಡಿದಳು. ಅದು ಮೊದಲೇ ನೆಟ್ಟಗಿತ್ತು.

"ಗೊರಕೆ ಹೊಡೆದ್ಯಾ?" ಎಂದು ಕೇಳಿದಳು ಕೊನೆಗೆ.

"ಏನು?"

"ಕೇಳಿದ್ದಕ್ಕೆ ಹೇಳು. ನಿದ್ದೇಲಿ ಗೊರಕೆ ಹೊಡೆದ್ಯಾ?"

"ನರ್ಸ್ ಅಂದ್ಲು... ಬಾಗಿಲಾಚೆಗೂ ಕೇಳ್ತಿತ್ತಂತೆ."

ಇರ್ಮಾ ಕುರ್ಚಿ ಎಳೆದು ಅವನ ಎದುರು ಕುಳಿತಳು. "ನೀವಿಬ್ರೂ ಪ್ರತಿ ಚಳಿಗಾಲ ಹೆಪ್ಪುಗಟ್ಟಿದ ಸರೋವರದ ಮೇಲೆ ಗುಡಿಸಲು ಹಾಕ್ಕೊಂಡು ಮೀನು ಹಿಡಿಯೋಕೆ ಹೋಗ್ತಿದ್ರಲ್ಲ. ಮನೆಗೆ ಬಂದು ಅವರು ಏನಂತಿದ್ರು ಗೊತ್ತಾ? ಮೀನು ಬರ್ಲಿ ಬಿಡ್ಲಿ, ಆ ಕ್ಲೆಟಸ್ ಪಕ್ಕದಲ್ಲಿ ಗೊರಕೆ ಹೊಡೀತಿದ್ರೆ ನನಗೆ ಒಂಟಿ ಅನ್ಸಲ್ಲ ಕಣೇ ಅಂತಿದ್ರು." ಅವಳು ಮುಂದಕ್ಕೆ ಬಾಗಿದಳು. "ಮಾತು ಕೇಳಿಸಿಕೊಳ್ಳೋರು ಇರ್ಲಿಲ್ಲ ಅಂತ ನೀನು ಅಳ್ತಿದೀಯ. ನನಗೆ ಬೇಕಾಗಿದ್ದು ಅದಲ್ಲ. ಅವರು ಹೋಗೋವಾಗ ಪಕ್ಕದಲ್ಲಿ ಯಾರೂ ಇಲ್ಲ ಅಂತ ಅನ್ಕೊಂಡು ಹೋದ್ರಾ ಅಂತ ನಾನು ಹೆದರಿದ್ದೆ. ಇಲ್ಲ. ಅವರ ಕಿವೀಲಿ ನಿನ್ನ ಗೊರಕೆ ಇತ್ತು."

ಇಬ್ಬರೂ ಅತ್ತರು. ಅದಾದ ಮೇಲೆ ಇರ್ಮಾ ಎದ್ದು, ಹಿಂದಿನ ಕೊಟ್ಟಿಗೆಯಿಂದ ಗಂಡನ ಸಲಿಕೆ ತಂದು ಕ್ಲೆಟಸನ ಕೈಗೆ ಕೊಟ್ಟಳು.

"ಸುಳ್ಳು ಹೇಳಿದ್ದು ಹೇಳ್ದೆ. ಶನಿವಾರಕ್ಕೆ ಇನ್ನೂ ನಾಲ್ಕು ದಿನ ಇದೆ. ನೀನೇ ತೋಡು. ಅದಕ್ಕೆ ಮೊದ್ಲು ಆ ಇಬ್ಬರು ಹುಚ್ಚರಿಗೂ ಹೋಗಿ ಹೇಳು."

ಮಾರ್ಲಿಸ್ ಮತ್ತು ಡ್ವೇನ್ ಆಗ ರಸ್ತೆಯ ನಡುವೆ ನಿಂತು, ಯಾರ ಗುಂಡಿಯ ನೀರು ಯಾರ ಗುಂಡಿಗೆ ನುಗ್ಗಿತು ಎಂದು ಜಗಳವಾಡುತ್ತಿದ್ದರು. ಕ್ಲೆಟಸ್ ಸಲಿಕೆ ಹಿಡಿದು ನಡುವೆ ಬಂದು ನಿಂತು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಮೊದಲು ಮಾತು ಬಂದದ್ದು ಡ್ವೇನನಿಗೆ.

"ಹಾಗಾದ್ರೆ ನನ್ನ ಗುಂಡಿ?"

"ಅದು ನಿಮ್ದೇ, ಡ್ವೇನ್."

"ನೀನು ಕೊಳದ ತಳದಲ್ಲಿ ಅಳತೆ ತಗೋತಿದ್ಯಲ್ಲ! ಮೂರು ದಿನ ಗೋಪುರದ ಮೇಲೆ ನಿಂತು ನೋಡಿದೀನಿ. ಇನ್ನೂ ನೆಗಡಿ ಹೋಗಿಲ್ಲ ನನಗೆ!"

"ಬುತ್ತಿ ತಿಂತಿದ್ದೆ."

ಮಾರ್ಲಿಸ್ ಅವನನ್ನು ಅಲ್ಲೇ ಕೆಲಸದಿಂದ ತೆಗೆದಳು. ನಿಂತಲ್ಲೇ ಮತ್ತೊಂದು ಗಳಿಗೆ ಯೋಚಿಸಿ, ಫಲಕದ ಮೇಲೆ ಐವತ್ತಡಿ ಉದ್ದದ ಮಾತು ತಾನೇ ಬರೆಸಿದ್ದು, ಅವನು ಬಾಯಿ ತೆಗೆದಾಗಲೆಲ್ಲ ತಾನೇ ಮುಚ್ಚಿಸಿದ್ದು ನೆನಪಾಗಿ, ಮತ್ತೆ ಕೆಲಸಕ್ಕೆ ಸೇರಿಸಿಕೊಂಡಳು. ಮರುದಿನ ಫಲಕಕ್ಕೆ ಬಿಳಿ ಬಣ್ಣ ಬಳಿದು ಹೊಸ ಮಾತು ಬರೆದರು: "ಈ ವರ್ಷ ಹೊಸದೇನೂ ಇಲ್ಲ. ಅಲೋಯಿಸ್ ಬಿಟ್ಟುಹೋದದ್ದೆಲ್ಲ ಇದೆ." ಮಧ್ಯಾಹ್ನದ ಹೊತ್ತಿಗೆ ರಾಕ್‌ಫರ್ಡಿನಿಂದ ಒಬ್ಬ ಅಜ್ಜಿ ಫೋನು ಮಾಡಿ ಕೇಳಿದಳು: "ಹೊಸದೇನೂ ಇಲ್ವಂತೆ, ನಿಜಾನಾ? ಹಾಗಾದ್ರೆ ಬರ್ತೀನಿ. ಹೋದ ವರ್ಷ ಆ ಕಡೆ ಪಾರ್ಕಿಗೆ ಹೋಗಿ, ಎಲ್ಲಾ ಹೊಸದಾಗಿ ಮೊಮ್ಮಕ್ಕಳೂ ಸಿಗ್ಲಿಲ್ಲ, ಶೌಚಾಲಯಾನೂ ಸಿಗ್ಲಿಲ್ಲ." ಸಂಜೆಯವರೆಗೆ ಅಂಥ ಫೋನು ಹನ್ನೊಂದು ಬಂದವು. ಡ್ವೇನ್ ಇದರಲ್ಲೂ ಏನೋ ಒಳಸಂಚಿದೆ ಎಂದುಕೊಂಡು ಫಲಕವನ್ನು ಮೂರು ಸಲ ಓದಿ ಬಂದ.

ಗುರುವಾರ ಬೆಳಿಗ್ಗೆ ಕ್ಲೆಟಸ್ ಸ್ಮಶಾನದಲ್ಲಿ ಸಲಿಕೆ ಹಾಕಿದ. ಸ್ಮಶಾನ ಊರಿನ ದಿಬ್ಬದ ಮೇಲಿದೆ. ಅಲ್ಲಿ ನೀರಿನ ಭಯವಿಲ್ಲ, ಕಲ್ಲಿನ ಭಯವುಂಟು. ಮಧ್ಯಾಹ್ನದವರೆಗೆ ಒಬ್ಬನೇ ತೋಡಿ ಮೊಣಕಾಲಿನ ಆಳ ಮುಟ್ಟಿದ. ಅಷ್ಟರಲ್ಲಿ ಬರ್ನಿಸ್ ಬುತ್ತಿ ತಂದಳು, ಬೈಯಲಿಲ್ಲ, ತಾನೂ ಒಂದು ಬುಟ್ಟಿ ಮಣ್ಣು ಹೊತ್ತಳು. ಎರಡು ಗಂಟೆಗೆ ಮಾರ್ಲಿಸ್ ಪಾರ್ಕಿನ ಆರು ಜನರೊಂದಿಗೆ ಬಂದಳು. ಅದನ್ನು ಗೋಪುರದ ಮೇಲಿಂದ ಕಂಡ ಡ್ವೇನ್ ಎಂಟು ಜನರೊಂದಿಗೆ ಬಂದ.

"ನಿಮ್ಮ ಕಡೆ ಮೂಲೆ ಡೊಂಕಾಗಿದೆ," ಎಂದ ಡ್ವೇನ್.

"ನೀನು ತೋಡಿದ್ದು ಜರಿಯುತ್ತೆ ಅನ್ನೋದು ಊರಿಗೇ ಗೊತ್ತು," ಎಂದಳು ಮಾರ್ಲಿಸ್.

ತಲೆಯ ಕಡೆ ನೀರುನಾಯಿಯವರು, ಕಾಲಿನ ಕಡೆ ಟೈಫೂನಿನವರು. ಒಬ್ಬರು ಅರ್ಧ ಅಡಿ ಇಳಿದರೆ ಇನ್ನೊಬ್ಬರು ಒಂದಡಿ ಇಳಿದರು. ಶುಕ್ರವಾರ ಸಂಜೆ ಫಾದರ್ ಗೇರಿಂಗ್ ನೋಡಲು ಬಂದಾಗ ಒಳಗಿದ್ದವರ ಟೋಪಿಯೂ ಕಾಣುತ್ತಿರಲಿಲ್ಲ.

"ಎಷ್ಟು ಆಳ ಆಯ್ತು?" ಎಂದು ಬಗ್ಗಿ ಕೇಳಿದರು.

"ನಮ್ಮ ಕಡೆ ಎಂಟೂವರೆ, ಫಾದರ್!" ಎಂದು ಡ್ವೇನನ ಧ್ವನಿ ಬಂತು.

"ಮೇಲಕ್ಕೆ ಬನ್ನಿ, ಎಲ್ಲರೂ. ಸತ್ತೋರು ಕೊನೆ ದಿನ ಎದ್ದು ಬರ್ಬೇಕು ಅನ್ನೋದು ನಮ್ಮ ನಂಬಿಕೆ. ಅಲೋಯಿಸನಿಗೆ ಏಣಿ ಬೇಕಾಗೋ ಹಾಗೆ ಮಾಡ್ಬೇಡಿ."

ನಗಬಾರದ ಜಾಗದಲ್ಲಿ ಎಲ್ಲರೂ ನಕ್ಕರು. ಮೇಲೆ ಬರಲು ಏಣಿ ತರಬೇಕಾಯಿತು. ಎರಡೂವರೆ ಅಡಿ ಮಣ್ಣನ್ನು ಮತ್ತೆ ಒಳಗೆ ಹಾಕಿ, ತುಳಿದು, ಸಮ ಮಾಡಿದರು. ಆ ಕೆಲಸವನ್ನು ಎರಡು ಪಾರ್ಕಿನವರೂ ಒಟ್ಟಿಗೆ ಮಾಡಿದರು.

ಶನಿವಾರ ಆಕಾಶ ತಿಳಿಯಾಗಿತ್ತು. ಪೆಟ್ಟಿಗೆಯನ್ನು ಕಲ್ಲಿನ ಕೋಣೆಯಿಂದ ಹೊರಗೆ ತಂದು, ಹಗ್ಗದಲ್ಲಿ ಮೆಲ್ಲಗೆ ಇಳಿಸಿದರು. ಫಾದರ್ ಪವಿತ್ರ ಜಲ ಚಿಮುಕಿಸಿ, ಪುಸ್ತಕದ ಪ್ರಾರ್ಥನೆಗಳನ್ನು ಓದಿ ಮುಗಿಸಿದರು. ಮೊದಲ ಹಿಡಿ ಮಣ್ಣನ್ನು ಇರ್ಮಾ ಹಾಕಿದಳು. ಆಮೇಲೆ ಕ್ಲೆಟಸನ ಕಡೆ ತಿರುಗಿದಳು.

"ಇನ್ನೊಂದು ಪ್ರಾರ್ಥನೆ ನೀನು ಹೇಳು. ಕೊನೇಲಿ ಪಕ್ಕದಲ್ಲಿದ್ದೋನು ನೀನು."

ಕ್ಲೆಟಸ್ ಸಭೆಯಲ್ಲಿ ಬಾಯಿ ತೆರೆದವನಲ್ಲ. ಅವನ ಅಂಗೈಗಳಲ್ಲಿ ಬೊಬ್ಬೆಗಳೆದ್ದಿದ್ದವು. ಅವುಗಳನ್ನು ಜೋಡಿಸಿ, ಕಣ್ಣು ತೆರೆದುಕೊಂಡೇ ಹೇಳಿದ. ಮಾರ್ಲಿಸ್, ಡ್ವೇನ್, ಬರ್ನಿಸ್, ಹ್ಯೂಬರ್ಟ್, ಊರಿನವರೆಲ್ಲ ಅವನ ಹಿಂದೆ ಮೆಲ್ಲಗೆ ಹೇಳಿದರು:

"ಪ್ರಭುವೇ, ಕಾಯುತ್ತೇನೆಂದು ಹೇಳಿ ನಿದ್ದೆಹೋದವರು ನಾವು. ನೀನು ತೂಕಡಿಸುವವನಲ್ಲ. ನಿನ್ನ ಸೇವಕ ಅಲೋಯಿಸನನ್ನು ನಿನ್ನ ಕೈಗೆ ಒಪ್ಪಿಸಿದ್ದೇವೆ. ಅವನು ಕೊನೆಗೆ ಏನಾದರೂ ಹೇಳಿದ್ದರೆ ಅದನ್ನು ನೀನು ಕೇಳಿಸಿಕೊಂಡಿದ್ದೀಯೆ; ನಮಗೆ ಅಷ್ಟು ಸಾಕು. ಅವನಿಗೆ ಮುಗಿಯದ ವಿಶ್ರಾಂತಿಯನ್ನು ಕೊಡು. ಆರದ ಬೆಳಕು ಅವನ ಮೇಲೆ ಬೆಳಗಲಿ. ಅವನ ಆತ್ಮ ನಿನ್ನಲ್ಲಿ ಶಾಂತವಾಗಿರಲಿ. ಆಮೆನ್."